ಕಣಿವೆಯೊಳಗಿನ ಕಾಲೇಜು, ಬಸ್ಸು ಬರುವ ಕಾಲೇಜು

ಎರಡೂ ಕಾಲೇಜುಗಳ ಬಣ್ಣ ನೇರಳೆ. ಆಮರ್ಸ್ಟ್‌ನದು ನೇರಳೆ-ಬಿಳಿ, ವಿಲಿಯಮ್ಸ್‌ನದು ನೇರಳೆ-ಬಂಗಾರ. ಟೀ ಶರ್ಟ್ ಮಡಚಿಟ್ಟಿದ್ದರೆ ಯಾವುದು ಯಾರದ್ದೆಂದು ಹೇಳುವುದು ಕಷ್ಟ. ಎರಡೂ ಇರುವುದು ಮ್ಯಾಸಚೂಸೆಟ್ಸ್ ರಾಜ್ಯದ ಪಶ್ಚಿಮದಲ್ಲಿ. ಎರಡರಲ್ಲೂ ಎರಡು ಸಾವಿರದ ಆಸುಪಾಸು ವಿದ್ಯಾರ್ಥಿಗಳು, ಏಳು ಮಂದಿಗೆ ಒಬ್ಬರಂತೆ ಅಧ್ಯಾಪಕರು, ಡಿಗ್ರಿ ಮುಗಿಸಲು 32 ಕೋರ್ಸು. ಪಿಎಚ್‌ಡಿ ಮಾಡುವವರು ಎರಡರಲ್ಲೂ ಇಲ್ಲದ್ದರಿಂದ ಪಾಠ, ಲ್ಯಾಬು, ಉತ್ತರಪತ್ರಿಕೆ ಎಲ್ಲವೂ ಪ್ರೊಫೆಸರರ ಕೈಯಲ್ಲೇ. ಕ್ರೀಡೆಗೆಂದು ಸ್ಕಾಲರ್‌ಶಿಪ್ ಕೊಡುವುದಿಲ್ಲ, ಆದರೂ ಹತ್ತಿರ ಹತ್ತಿರ ಮೂರರಲ್ಲೊಬ್ಬರು ಯಾವುದಾದರೂ ತಂಡದಲ್ಲಿರುತ್ತಾರೆ. ವಿಲಿಯಮ್ಸ್‌ನಲ್ಲಿ ಓದಿದ ಜೇಮ್ಸ್ ಗಾರ್‌ಫೀಲ್ಡ್ ದೇಶದ ಅಧ್ಯಕ್ಷರಾದರು, ಆಮರ್ಸ್ಟ್‌ನಲ್ಲಿ ಓದಿದ ಕ್ಯಾಲ್ವಿನ್ ಕೂಲಿಜ್ ಕೂಡ. ಒಂದೇ ವಿಷಯಕ್ಕೆ ಕಟ್ಟಿಹಾಕದೆ ಸಾಹಿತ್ಯ, ಸಮಾಜ, ವಿಜ್ಞಾನ ಎಲ್ಲವನ್ನೂ ಕಲಿಸುವ ಇಂಥವಕ್ಕೆ ಲಿಬರಲ್ ಆರ್ಟ್ಸ್ ಕಾಲೇಜು ಎನ್ನುತ್ತಾರೆ; ಅಮೆರಿಕದ ಅಂಥ ಕಾಲೇಜುಗಳ ರ‍್ಯಾಂಕಿಂಗ್‌ನಲ್ಲಿ ವರ್ಷಗಟ್ಟಲೆ ವಿಲಿಯಮ್ಸ್ ಒಂದನೆಯದು, ಆಮರ್ಸ್ಟ್ ಅದರ ಬೆನ್ನಿಗೇ.

ಮಾರ್ಚ್ ಕೊನೆಯಲ್ಲಿ ಮಗಳಿಗೆ ಎರಡರಿಂದಲೂ ಸೀಟು ಬಂತು. ಉತ್ತರ ಕೊಡಲು ಮೇ 1ರ ತನಕ ಸಮಯ. ಒಂದು ಸಿಕ್ಕಿ ಇನ್ನೊಂದು ತಪ್ಪಿದ್ದರೆ ಮನೆಯಲ್ಲಿ ಅರ್ಧ ದಿನದ ಸಂತೋಷ, ಅರ್ಧ ದಿನದ ಬೇಜಾರು, ಅಲ್ಲಿಗೆ ಮುಗಿಯುತ್ತಿತ್ತು. ಎರಡೂ ಸಿಕ್ಕಿದ್ದರಿಂದ ಏಪ್ರಿಲ್ ಪೂರ್ತಿ ಊಟದ ಮೇಜಿನ ಮೇಲೆ ಇದೇ ಮಾತು.

ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದೇ ಒಂದು ಕೆಲಸ. ತೀರ್ಥಹಳ್ಳಿಯಿಂದ ಅಮ್ಮ ವಿಡಿಯೋ ಕಾಲ್‌ನಲ್ಲಿ ಕೇಳಿದರು, "ಪುಟ್ಟಿ ಎಂತ ಓದ್ತದೆ?"

"ಇನ್ನೂ ಗೊತ್ತಿಲ್ಲ ಅಮ್ಮ. ಎರಡನೇ ವರ್ಷದ ಕೊನೆಗೆ ಹೇಳಿದ್ರೆ ಸಾಕಂತೆ."

"ಸೇರಿಸಿಕೊಂಡವರಿಗಾದ್ರೂ ಗೊತ್ತುಂಟಾ?"

ಅವರಿಗೂ ಗೊತ್ತಿಲ್ಲ, ಪದ್ಧತಿಯೇ ಹಾಗೆ ಎಂದರೆ ಅಮ್ಮನಿಗೆ ನಂಬಿಕೆ ಬರಲಿಲ್ಲ. ನನಗೂ ಒಂದು ಕಾಲದಲ್ಲಿ ಬರುತ್ತಿರಲಿಲ್ಲ. ಹತ್ತನೇ ಕ್ಲಾಸ್ ಮುಗಿದ ಬೇಸಿಗೆಯಲ್ಲೇ ಪಿಸಿಎಂಬಿಯೋ ಎಚ್‌ಇಸಿಯೋ ಎಂದು ಫಾರಂ ತುಂಬಿಸಿ, ಆಮೇಲೆ ಸಿಇಟಿ ರ‍್ಯಾಂಕಿನ ಮೇಲೆ ಮುಂದಿನ ಬಾಳನ್ನು ಹಂಚಿಕೊಟ್ಟ ವ್ಯವಸ್ಥೆಯಿಂದ ಬಂದವಳು ನಾನು. ಆಪ್ಷನ್ ಎಂಟ್ರಿಯಲ್ಲಿ ಆಯ್ಕೆ ಇದೆ ಅನಿಸುತ್ತದೆ, ಆದರೆ ಆರಿಸುವುದು ರ‍್ಯಾಂಕು. ಇಲ್ಲಿ ಜೀವಶಾಸ್ತ್ರವೋ ಇತಿಹಾಸವೋ ಎಂದು ಇನ್ನೂ ತೀರ್ಮಾನಿಸದ ಹದಿನೇಳರ ಹುಡುಗಿಗೆ, ತೀರ್ಮಾನಿಸದೆ ಇರು ಎಂದೇ ಎರಡು ವರ್ಷ ಕೊಡುತ್ತಾರೆ. ನ್ಯೂಜೆರ್ಸಿಯ ನಮ್ಮ ಕನ್ನಡ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಅಭಿನಂದನೆಗಳ ನಡುವೆ "ಎಂಜಿನಿಯರಿಂಗ್ ಯಾವುದೂ ಸಿಗ್ಲಿಲ್ವಾ?" ಎಂಬ ಮೆಸೇಜೂ ಬಂತು. ಅದಕ್ಕೆ ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ.

ದುಡ್ಡಿನ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ಇಂಥ ಕಾಲೇಜುಗಳ ಒಂದು ವರ್ಷದ ಖರ್ಚು, ಊಟ-ವಸತಿ ಸೇರಿ, 80 ಸಾವಿರ ಡಾಲರ್ ದಾಟಿ ಎಷ್ಟೋ ಕಾಲವಾಯಿತು. ಆದರೆ ಬೋರ್ಡಿನ ಮೇಲಿನ ಬೆಲೆಯನ್ನು ಎಲ್ಲರೂ ಕಟ್ಟುವುದಿಲ್ಲ. ಮನೆಯ ಆದಾಯ, ಆಸ್ತಿ ನೋಡಿ ಎಷ್ಟು ಕಟ್ಟಬಲ್ಲಿರಿ ಎಂದು ಅವರೇ ಲೆಕ್ಕ ಹಾಕಿ ಉಳಿದದ್ದನ್ನು ತುಂಬುತ್ತಾರೆ. ಆಮರ್ಸ್ಟ್ 2008ರಲ್ಲಿ ಆ ನೆರವಿನಿಂದ ಸಾಲವನ್ನು ತೆಗೆದುಹಾಕಿತು. ವಿಲಿಯಮ್ಸ್ 2022ರಿಂದ ಸಾಲವನ್ನಷ್ಟೇ ಅಲ್ಲ, ಕ್ಯಾಂಪಸ್ಸಿನಲ್ಲಿ ದುಡಿದು ತುಂಬಬೇಕಿದ್ದ ಪಾಲನ್ನೂ ತೆಗೆದು ಪೂರ್ತಿ ಅನುದಾನವಾಗಿ ಕೊಡುತ್ತಿದೆ. ಸ್ವಂತ ಮನೆಯ ಬೆಲೆಯನ್ನು ಒಂದೊಂದು ಕಾಲೇಜು ಒಂದೊಂದು ರೀತಿ ಎಣಿಸುವುದರಿಂದ ಒಂದೇ ಕುಟುಂಬಕ್ಕೆ ಬರುವ ಪತ್ರಗಳಲ್ಲಿ ದೊಡ್ಡ ವ್ಯತ್ಯಾಸ ಇರುವುದುಂಟು. ನಮ್ಮ ವಿಷಯದಲ್ಲಿ ಎರಡು ಪತ್ರಗಳ ನಡುವಿನ ಅಂತರ ಹಬ್ಬಕ್ಕೆ ಊರಿಗೆ ಹೋಗಿಬರುವ ಒಂದು ವಿಮಾನ ಟಿಕೆಟ್ಟಿನಷ್ಟು. ಅದು ಹತ್ತು ಸಾವಿರ ಡಾಲರಿನ ಅಂತರವಾಗಿದ್ದರೆ ಈ ಬರಹವೇ ಇರುತ್ತಿರಲಿಲ್ಲ, ಕಡಿಮೆ ಇದ್ದ ಕಡೆಗೆ ಹೋಗು ಎಂದುಬಿಡುತ್ತಿದ್ದೆ.

ರ‍್ಯಾಂಕನ್ನೂ ಪಕ್ಕಕ್ಕಿಟ್ಟೆವು. ಒಂದಕ್ಕೂ ಎರಡಕ್ಕೂ ನಡುವೆ ನಾಲ್ಕು ವರ್ಷ ಬಾಳುವ ಹುಡುಗಿಗೆ ಅಂಥ ವ್ಯತ್ಯಾಸ ಏನೂ ಇಲ್ಲ. ಅಪ್ಪ-ಮಗಳು ಎಕ್ಸೆಲ್ ಶೀಟ್ ಮಾಡಿದರು. ಲ್ಯಾಬು, ಊಟ, ಹಾಸ್ಟೆಲು, ಕಲಿಸುವವರು, ಮುಂದೆ ಎಲ್ಲೆಲ್ಲಿ ಸೇರುತ್ತಾರೆ ಎಂದು ಒಂದೊಂದಕ್ಕೂ ಅಂಕ ಹಾಕಿ ಕೂಡಿದರೆ ಒಟ್ಟು ಹೆಚ್ಚುಕಡಿಮೆ ಒಂದೇ. ಯಾಕೆ ಒಂದೇ ಎನ್ನುವುದಕ್ಕೆ ಉತ್ತರ ಎಕ್ಸೆಲ್ ಶೀಟಿನಲ್ಲಿರಲಿಲ್ಲ, ಕಾಲೇಜುಗಳ ಚರಿತ್ರೆಯಲ್ಲಿತ್ತು. ಇವು ದಾಯಾದಿಗಳು. ಒಂದು ಮನೆ ಹಿಸ್ಸೆಯಾಗಿ ಎರಡಾದದ್ದು.

ವಿಲಿಯಮ್ಸ್ ಶುರುವಾದದ್ದು 1793ರಲ್ಲಿ. 1755ರಲ್ಲಿ ಲೇಕ್ ಜಾರ್ಜ್ ಯುದ್ಧದಲ್ಲಿ ಸತ್ತ ಎಫ್ರೇಮ್ ವಿಲಿಯಮ್ಸ್ ಎಂಬ ಸೇನಾಧಿಕಾರಿ ಶಾಲೆ ಕಟ್ಟಲು ಆಸ್ತಿ ಬರೆದಿಟ್ಟಿದ್ದ. ಊರಿಗೆ ತನ್ನ ಹೆಸರಿಡಬೇಕು ಎಂಬ ಷರತ್ತಿನೊಂದಿಗೆ. ಹಾಗೆ ವಿಲಿಯಮ್ಸ್‌ಟೌನ್ ಆಯಿತು. ರಾಜ್ಯದ ವಾಯವ್ಯ ಮೂಲೆ, ಸುತ್ತ ಬರ್ಕ್‌ಶೈರ್ ಬೆಟ್ಟಗಳು. ಆ ಕಾಲಕ್ಕೆ ಅಲ್ಲಿಗೆ ಹೋಗುವುದೇ ಸಾಹಸ. ವಿದ್ಯಾರ್ಥಿಗಳು ಸಾಲದೆ, ಇಂಥ ಮೂಲೆಯಲ್ಲಿ ಕಾಲೇಜು ಉಳಿದೀತೇ ಎಂಬ ಅನುಮಾನ ಆಡಳಿತದವರಿಗೇ ಹುಟ್ಟಿತು. ಕಾಲೇಜಿನ ಅಧ್ಯಕ್ಷ ಜೆಫನಾಯಾ ಸ್ವಿಫ್ಟ್ ಮೂರ್ ಇಡೀ ಕಾಲೇಜನ್ನೇ ಪೂರ್ವದ ಕನೆಟಿಕಟ್ ನದಿ ಕಣಿವೆಗೆ ಸಾಗಿಸೋಣ ಎಂದ. ಅದಕ್ಕೆ ಒಪ್ಪಿಗೆ ಸಿಗಲಿಲ್ಲ. 1821ರಲ್ಲಿ ಆತ ರಾಜೀನಾಮೆ ಕೊಟ್ಟು, ಜೊತೆಗೆ ಬಂದ 15 ವಿದ್ಯಾರ್ಥಿಗಳೊಂದಿಗೆ ಹೋಗಿ ಆಮರ್ಸ್ಟ್ ಕಾಲೇಜಿನ ಮೊದಲ ಅಧ್ಯಕ್ಷನಾದ. ಹೋಗುವಾಗ ಗ್ರಂಥಾಲಯದ ಪುಸ್ತಕಗಳನ್ನೂ ಹೊತ್ತೊಯ್ದರು ಎಂದು ವಿಲಿಯಮ್ಸ್‌ನವರು ಇವತ್ತಿಗೂ ಹೇಳುತ್ತಾರೆ. ಅದಕ್ಕೆ ಪುರಾವೆ ಇಲ್ಲ, ಆದರೆ ಹಿಸ್ಸೆಯಾದ ಮನೆಗಳಲ್ಲಿ ತಾಮ್ರದ ಹಂಡೆಯ ಕತೆಗೂ ಪುರಾವೆ ಇರುವುದಿಲ್ಲ.

ಉಳಿದವರು ಸುಮ್ಮನೆ ಕೂರಲಿಲ್ಲ. ಕಾಲೇಜು ಮುಚ್ಚಿಹೋಗಬಾರದೆಂದು ಹಳೆಯ ವಿದ್ಯಾರ್ಥಿಗಳು ಅದೇ 1821ರಲ್ಲಿ ಸಂಘ ಕಟ್ಟಿದರು. ಜಗತ್ತಿನ ಅತಿ ಹಳೆಯ ಹಳೆ ವಿದ್ಯಾರ್ಥಿ ಸಂಘಗಳಲ್ಲಿ ಅದೂ ಒಂದು. ಮುಂದೆ 1859ರ ಜುಲೈ 1ರಂದು ಎರಡೂ ಕಾಲೇಜುಗಳು ಪಿಟ್ಸ್‌ಫೀಲ್ಡ್ ಎಂಬಲ್ಲಿ ಬೇಸ್‌ಬಾಲ್ ಆಡಿದವು. ಅಮೆರಿಕದಲ್ಲಿ ಎರಡು ಕಾಲೇಜುಗಳ ನಡುವೆ ನಡೆದ ಮೊದಲ ಬೇಸ್‌ಬಾಲ್ ಪಂದ್ಯ ಅದು. ಆಮರ್ಸ್ಟ್ 73, ವಿಲಿಯಮ್ಸ್ 32. ಬೇಸ್‌ಬಾಲ್ ಸ್ಕೋರೋ ಕಬಡ್ಡಿ ಸ್ಕೋರೋ ಎಂದು ನನ್ನ ಗಂಡ ಕೇಳಿದ.

ಈ ಜಗಳದ ಮೂಲ ಮತವೂ ಅಲ್ಲ, ಪಠ್ಯವೂ ಅಲ್ಲ, ಜಾಗ. ಇಷ್ಟು ದೂರದಲ್ಲಿ ಕಾಲೇಜು ಇರಬಹುದೇ ಎಂಬ ಪ್ರಶ್ನೆಗೆ ಒಬ್ಬರು ಹೌದು ಅಂದರು, ಇನ್ನೊಬ್ಬರು ಇಲ್ಲ ಅಂದರು. ಇನ್ನೂರು ವರ್ಷ ಕಳೆದರೂ ಎರಡರ ನಡುವಿನ ನಿಜವಾದ ವ್ಯತ್ಯಾಸ ಅಷ್ಟೇ ಎಂದು ನನಗೆ ಅನಿಸಿದ್ದು ಎರಡನ್ನೂ ನೋಡಿ ಬಂದ ಮೇಲೆ. ಮಿಕ್ಕ ವ್ಯತ್ಯಾಸಗಳೆಲ್ಲ ಅದರ ಬೇರಿನಿಂದಲೇ ಚಿಗುರಿದವು.

ಆಮರ್ಸ್ಟ್ ಅಕ್ಕಪಕ್ಕದವರನ್ನು ನಂಬಿ ಬಾಳುವ ಕಾಲೇಜು. ಅದೇ ಊರಿನಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಮೂವತ್ತು ಸಾವಿರದಷ್ಟು ವಿದ್ಯಾರ್ಥಿಗಳಿದ್ದಾರೆ. ಹತ್ತಿರದಲ್ಲೇ ಹೆಣ್ಣುಮಕ್ಕಳ ಎರಡು ಹಳೆಯ ಕಾಲೇಜುಗಳು, 1837ರ ಮೌಂಟ್ ಹೋಲಿಯೋಕ್ ಮತ್ತು 1875ರಲ್ಲಿ ಬಾಗಿಲು ತೆರೆದ ಸ್ಮಿತ್. ಈ ನಾಲ್ಕೂ ಸೇರಿ ಹೊಸ ಬಗೆಯ ಐದನೆಯದೊಂದು ಬೇಕು ಎಂದು ಯೋಚಿಸಿದ್ದರ ಫಲ 1970ರಲ್ಲಿ ಶುರುವಾದ ಹ್ಯಾಂಪ್‌ಶೈರ್ ಕಾಲೇಜು. ಐದರ ಒಕ್ಕೂಟದಲ್ಲಿ ಒಂದು ಕಡೆ ಹೆಸರು ಹಚ್ಚಿದವರು ಬೇರೆ ಕಡೆ ಹೋಗಿ ಕೋರ್ಸ್ ತೆಗೆದುಕೊಳ್ಳಬಹುದು, ಗ್ರಂಥಾಲಯದ ಪುಸ್ತಕ ತರಿಸಬಹುದು, ಓಡಾಡಲು ಬಸ್ಸು ಪುಕ್ಕಟೆ. ಸಣ್ಣ ಕಾಲೇಜಿನ ಕ್ಲಾಸ್ ರೂಮು, ದೊಡ್ಡ ಪೇಟೆಯ ಸಂತೆ, ಎರಡೂ ಒಂದೇ ಐಡಿ ಕಾರ್ಡಿನಲ್ಲಿ.

ಪಠ್ಯದಲ್ಲೂ ಅದೇ ಸ್ವಭಾವ. ಆಮರ್ಸ್ಟ್‌ನಲ್ಲಿ ಮೊದಲ ವರ್ಷದ ಒಂದು ಸೆಮಿನಾರ್ ಬಿಟ್ಟರೆ ಎಲ್ಲರಿಗೂ ಕಡ್ಡಾಯವಾದ ವಿಷಯ ಎಂಬುದೇ ಇಲ್ಲ. ಮೇಜರ್‌ಗೆ, ಎಂದರೆ ಆರಿಸಿಕೊಂಡ ಮುಖ್ಯ ವಿಷಯಕ್ಕೆ, ಬೇಕಾದದ್ದನ್ನು ಮುಗಿಸಿ ಮಿಕ್ಕದ್ದನ್ನು ನಿಮ್ಮಿಷ್ಟದಂತೆ ತುಂಬಿಕೊಳ್ಳಿ ಎನ್ನುತ್ತಾರೆ. ಲೆಕ್ಕದ ಮುಖ ನೋಡದೆಯೂ ಹೊರಬರಬಹುದು, ಕವಿತೆಯ ಮುಖ ನೋಡದೆಯೂ.

ವಿಲಿಯಮ್ಸ್ ಹಾಗಲ್ಲ. ಕಲೆ-ಸಾಹಿತ್ಯ, ಸಮಾಜ ಅಧ್ಯಯನ, ವಿಜ್ಞಾನ-ಗಣಿತ, ಈ ಮೂರರಲ್ಲೂ ಮೂರು ಮೂರು ಕೋರ್ಸು ಮಾಡಲೇಬೇಕು. ಜನವರಿ ತಿಂಗಳಿಡೀ ವಿಂಟರ್ ಸ್ಟಡಿ ಎಂದು ಒಂದೇ ಒಂದು ಕೋರ್ಸು, ಆ 32ರ ಜೊತೆಗೆ ಅದೂ ಡಿಗ್ರಿಗೆ ಬೇಕು. ಹೊಸಬರನ್ನು ಇಪ್ಪತ್ತು ಚಿಲ್ಲರೆ ಮಂದಿಯ ಗುಂಪುಗಳಾಗಿ ಮಾಡಿ, ಮೂರನೇ ವರ್ಷದ ಇಬ್ಬರನ್ನು ಅಣ್ಣ-ಅಕ್ಕನಂತೆ ಅವರ ಜೊತೆಗೇ ವಾಸಕ್ಕೆ ಇಡುತ್ತಾರೆ. ಅಕ್ಟೋಬರ್‌ನ ಒಂದು ಶುಕ್ರವಾರ ಬೆಳಿಗ್ಗೆ ಗಂಟೆ ಬಾರಿಸಿ ಕ್ಲಾಸುಗಳನ್ನೆಲ್ಲ ರದ್ದು ಮಾಡಿ ಬೆಟ್ಟ ಹತ್ತಿಸುತ್ತಾರೆ. ಯಾವ ಶುಕ್ರವಾರ ಎಂದು ಮೊದಲೇ ಹೇಳುವುದಿಲ್ಲ. ಹೊರಗೆ ಹೋಗಲು ಜಾಗವಿಲ್ಲದ ಊರಿನವರು ಎಲ್ಲವನ್ನೂ ಒಳಗೇ ಮಾಡಿಕೊಂಡಿದ್ದಾರೆ.

ಇದರಲ್ಲೆಲ್ಲ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿನ ಟ್ಯುಟೋರಿಯಲ್. ಊರಿನ ಟ್ಯುಟೋರಿಯಲ್‌ಗಳನ್ನು ನೆನೆಸಿಕೊಳ್ಳಬೇಡಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಆಕ್ಸ್‌ಫರ್ಡ್, ಕೇಂಬ್ರಿಜ್ ಮಾದರಿಯಲ್ಲಿ ವಾರಕ್ಕೊಮ್ಮೆ ಪ್ರೊಫೆಸರರ ಕೋಣೆಯಲ್ಲಿ ಇಬ್ಬರೇ ವಿದ್ಯಾರ್ಥಿಗಳು. ಈ ವಾರ ಒಬ್ಬಳು ಐದಾರು ಪುಟದ ಪ್ರಬಂಧ ಬರೆದು ಓದಬೇಕು, ಇನ್ನೊಬ್ಬ ಅದನ್ನು ಜಾಲಾಡಬೇಕು. ಮುಂದಿನ ವಾರ ಅದಲು ಬದಲು. ಮೇಷ್ಟ್ರು ಹೆಚ್ಚಿನ ಹೊತ್ತು ಕೇಳಿಸಿಕೊಳ್ಳುತ್ತಾರೆ. ಸಾಹಿತ್ಯದಲ್ಲಷ್ಟೇ ಅಲ್ಲ, ಗಣಿತದಲ್ಲೂ ಜೀವಶಾಸ್ತ್ರದಲ್ಲೂ ಇದು ನಡೆಯುತ್ತದೆ. ನಾನು ಡಿಗ್ರಿ ಮಾಡುವಾಗ ಹಿಂದಿನ ಬೆಂಚಿನಲ್ಲಿ ಕೂತು ಮೂರು ವರ್ಷ ಒಂದು ಪ್ರಶ್ನೆಯನ್ನೂ ಕೇಳದೆ ಫಸ್ಟ್ ಕ್ಲಾಸ್ ತೆಗೆದುಕೊಂಡವಳು. ಅಡಗಿಕೊಳ್ಳಲು ಬೆಂಚೇ ಇಲ್ಲದ ಕ್ಲಾಸು ಎಂದರೆ ಹೆದರಿಕೆಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

ಆಮರ್ಸ್ಟ್‌ನಿಂದ ವಿಲಿಯಮ್ಸ್‌ಟೌನ್‌ಗೆ ಹೋಗುವ ದಾರಿ ಮೊಹಾಕ್ ಟ್ರೇಲ್ ಎಂಬ ಘಟ್ಟದ ರಸ್ತೆ. ನಾರ್ತ್ ಆಡಮ್ಸ್‌ಗೆ ಇಳಿಯುವ ಮುಂಚೆ ಒಂದು ಹೇರ್‌ಪಿನ್ ತಿರುವು ಬರುತ್ತದೆ, ಅದನ್ನು ನೋಡಲೆಂದೇ ಜನ ಕಾರು ನಿಲ್ಲಿಸುತ್ತಾರೆ. ಆಗುಂಬೆಯ 14 ತಿರುವುಗಳನ್ನು ಕೆಎಸ್‌ಆರ್‌ಟಿಸಿ ಬಸ್ಸಿನ ಕಿಟಕಿಗೆ ತಲೆ ಹಾಕಿಕೊಂಡು ಇಳಿದವಳಿಗೆ ಈ ಒಂದು ತಿರುವಿಗೆ ಇಷ್ಟು ಮರ್ಯಾದೆಯೇ ಅನಿಸಿತು. ಆದರೆ ಕೆಳಗೆ ಕಾಣುವ ಊರುಗಳು, ಮೌಂಟ್ ಗ್ರೇಲಾಕ್‌ನ ಬೆನ್ನು, ಮೊಬೈಲ್ ಸಿಗ್ನಲ್ ಹೋಗಿ ಬಂದು ಮಾಡುವುದು, ಇದೆಲ್ಲ ನನಗೆ ಗೊತ್ತಿರುವ ಲೋಕ. ಮಳೆಗಾಲದ ಮೂರು ತಿಂಗಳು, ಸಂಜೆಯ ಕೊನೆಯ ಬಸ್ಸು ತಪ್ಪಿದರೆ ಬೆಳಗಿನ ತನಕ ಬೇರೆ ದಾರಿಯಿಲ್ಲದ ಊರಿನಲ್ಲಿ ಬೆಳೆದವರಿಗೆ ಕಣಿವೆಯ ಚೆಲುವಿನ ಬಗ್ಗೆ ಭ್ರಮೆ ಕಡಿಮೆ. ಪ್ರವಾಸಿಗರು ಫೋಟೋ ತೆಗೆಯುವ ಮಂಜಿನಲ್ಲಿ ನಮ್ಮ ಬಟ್ಟೆ ವಾರಗಟ್ಟಲೆ ಒಣಗುತ್ತಿರಲಿಲ್ಲ. ಹಾಗಾಗಿ ನನ್ನ ವೋಟು ಆಮರ್ಸ್ಟ್‌ಗೆ, ಬಸ್ಸಿಗೆ. ಮೂರ್ ಎಂಬ ಆ ಮನುಷ್ಯನ ಬಗ್ಗೆ ನನಗೆ ಪೂರ್ತಿ ಸಹಾನುಭೂತಿ ಇದೆ.

ಮೂಲೆಯ ಊರಿಗೂ ಅದರದ್ದೇ ಕಿಟಕಿಗಳಿರುತ್ತವೆ ಎನ್ನುವುದನ್ನು ಮಾತ್ರ ಒಪ್ಪಬೇಕು. ವಿಲಿಯಮ್ಸ್‌ಟೌನ್‌ನಲ್ಲಿ ಒಂದು ಸ್ಮಾರಕವಿದೆ. 1806ರಲ್ಲಿ ಐವರು ವಿದ್ಯಾರ್ಥಿಗಳು ಗುಡುಗು ಮಳೆಗೆ ಹುಲ್ಲಿನ ಬಣವೆಯ ಆಸರೆ ಹಿಡಿದು ಪ್ರಾರ್ಥಿಸಿ, ಏಷ್ಯಾಕ್ಕೆ ಹೋಗಿ ಮತಪ್ರಚಾರ ಮಾಡುವ ಮಾತಾಡಿದರಂತೆ. ಅಮೆರಿಕದ ವಿದೇಶಿ ಮಿಷನರಿ ಚಳವಳಿ ಹುಟ್ಟಿದ್ದು ಅಲ್ಲಿಂದ. ವಿಲಿಯಮ್ಸ್‌ನಲ್ಲಿ 1808ರಲ್ಲಿ ಪದವಿ ಪಡೆದ ಗಾರ್ಡನ್ ಹಾಲ್ 1813ರಲ್ಲಿ ಬಾಂಬೆಗೆ ಬಂದಿಳಿದ. ಅಲ್ಲಿ ಮರಾಠಿ ಕಲಿತು, 1826ರಲ್ಲಿ ಕಾಲರಾಕ್ಕೆ ಬಲಿಯಾದ. ಮತಪ್ರಚಾರದ ಬಗ್ಗೆ ನನಗೆ ನನ್ನದೇ ತಕರಾರುಗಳಿವೆ. ಆದರೂ ಬಾಸ್ಟನ್ನಿಗೆ ಹೋಗುವುದೇ ದೊಡ್ಡ ಪ್ರಯಾಣವಾಗಿದ್ದ ಊರಿನ ಹುಡುಗರು ಬಣವೆಯ ಕೆಳಗೆ ಕೂತು ನಮ್ಮ ಕರಾವಳಿಯ ದಿಕ್ಕಿಗೆ ನೋಡಿದ್ದರಲ್ಲ.

ಇನ್ನೊಂದು ಕಿಟಕಿ ಕ್ಲಾರ್ಕ್ ಕಲಾ ಸಂಗ್ರಹಾಲಯ, 1955ರಲ್ಲಿ ತೆರೆದದ್ದು. ಕ್ಯಾಂಪಸ್ಸಿನಿಂದ ನಡೆದೇ ಹೋಗಬಹುದು, ಒಳಗೆ ಹೋದರೆ ರೆನ್ವಾರ್ ಚಿತ್ರಗಳೇ ಮೂವತ್ತಕ್ಕೂ ಹೆಚ್ಚು. ಸ್ಟರ್ಲಿಂಗ್ ಕ್ಲಾರ್ಕ್ ಅಷ್ಟೊಂದು ಚಿತ್ರಗಳನ್ನು ಈ ಮೂಲೆಗೆ ತಂದಿಟ್ಟಿದ್ದಕ್ಕೆ, ದೊಡ್ಡ ನಗರಗಳ ಮೇಲೆ ಅಣುಬಾಂಬು ಬಿದ್ದೀತು ಎಂಬ ಆ ಕಾಲದ ಭಯವೂ ಒಂದು ಕಾರಣ ಎನ್ನುತ್ತಾರೆ. ಎಂದರೆ ಮೂರ್ ಬಿಟ್ಟುಹೋಗಲು ಕಾರಣವಾದ ದೂರವೇ ಕ್ಲಾರ್ಕ್‌ನನ್ನು ಕರೆತಂದಿತು. ಆತನ ಆಸ್ತಿ ಬಂದದ್ದು ಸಿಂಗರ್ ಹೊಲಿಗೆ ಮಷೀನಿನಿಂದ. ಅಜ್ಜ ಆ ಕಂಪನಿಯ ಪಾಲುದಾರ. ಅಮ್ಮನಿಗೆ ಇದನ್ನು ಹೇಳಿದಾಗ, "ನಮ್ಮನೆ ಮಷೀನಿನ ದುಡ್ಡೂ ಅಲ್ಲೇ ಹೋಗಿದ್ದಾ?" ಎಂದು ಮೊದಲ ಸಲ ಆ ಕಾಲೇಜಿನ ಬಗ್ಗೆ ಆಸಕ್ತಿ ತೋರಿಸಿದರು.

ಆಮರ್ಸ್ಟ್‌ನಲ್ಲಿ ಮಗಳನ್ನು ಹಿಡಿದಿಟ್ಟದ್ದು ಬೆನೆಸ್ಕಿ ಸಂಗ್ರಹಾಲಯದ ಕಲ್ಲುಗಳು. ಡೈನೋಸಾರ್‌ಗಳ ಹೆಜ್ಜೆ ಮೂಡಿದ ಹಲಗೆಗಲ್ಲುಗಳ ದೊಡ್ಡ ಸಂಗ್ರಹ ಅಲ್ಲಿದೆ. ಅವನ್ನು ಕೂಡಿಹಾಕಿದ್ದು ಹತ್ತೊಂಬತ್ತನೇ ಶತಮಾನದಲ್ಲಿ ಕಾಲೇಜಿನ ಅಧ್ಯಕ್ಷನೂ ಆಗಿದ್ದ ಎಡ್ವರ್ಡ್ ಹಿಚ್‌ಕಾಕ್. ಇವು ದೈತ್ಯ ಹಕ್ಕಿಗಳ ಹೆಜ್ಜೆ ಎಂದೇ ಆತ ವಾದಿಸಿದ. ಹಕ್ಕಿಗಳು ಡೈನೋಸಾರ್ ವಂಶದವೆಂದು ಇವತ್ತು ಒಪ್ಪಿಕೊಂಡ ಮೇಲೆ ನೋಡಿದರೆ ಆತ ಪೂರ್ತಿ ತಪ್ಪಲ್ಲ, ಪೂರ್ತಿ ಸರಿಯೂ ಅಲ್ಲ. ಜೀವಶಾಸ್ತ್ರವೋ ಇತಿಹಾಸವೋ ಎಂದು ತೂಗಾಡುತ್ತಿರುವವಳಿಗೆ ಇದಕ್ಕಿಂತ ಇನ್ನೇನು ಬೇಕು? ಇದೇ ಊರು ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟೆ.

ಎಮಿಲಿ ಡಿಕಿನ್ಸನ್ ಮನೆಗೂ ಹೋದೆವು. ಕವಿಯ ಅಜ್ಜ ಆಮರ್ಸ್ಟ್ ಕಾಲೇಜು ಕಟ್ಟಿದವರಲ್ಲೊಬ್ಬ, ಅದರ ಸಲುವಾಗಿ ಆಸ್ತಿಯನ್ನೇ ಕಳೆದುಕೊಂಡವನು. ಅಪ್ಪ ದಶಕಗಳ ಕಾಲ ಕಾಲೇಜಿನ ಖಜಾಂಚಿ. ಆದರೆ ಆ ಕಾಲೇಜು ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿದ್ದು 1975ರಲ್ಲಿ; ವಿಲಿಯಮ್ಸ್ ಅದಕ್ಕಿಂತ ಐದು ವರ್ಷ ಮುಂಚೆ. ಕಾಲೇಜಿನ ಹೆಸರನ್ನು ಲೋಕಕ್ಕೆಲ್ಲ ಮುಟ್ಟಿಸಿದ ಮನೆತನದ ಹುಡುಗಿಗೆ ಅದರ ಬೆಂಚಿನಲ್ಲಿ ಜಾಗವಿರಲಿಲ್ಲ, ಈಗ ಆ ಮನೆ ಕಾಲೇಜಿನ ಸ್ವತ್ತು. ಮಗಳು ಅಲ್ಲಿಂದ ಹೊರಬಂದಾಗ ಏನೂ ಹೇಳಲಿಲ್ಲ.

ತೀರ್ಮಾನ ಬಂದದ್ದು ಏಪ್ರಿಲ್ ಕೊನೆಗೆ, ಪಾತ್ರೆ ತೊಳೆಯುವಾಗ.

"ಅಮ್ಮ, ವಿಲಿಯಮ್ಸ್."

"ಯಾಕೇ? ಅಲ್ಲಿ ಬಸ್ಸೂ ಇಲ್ಲ ಏನೂ ಇಲ್ಲ."

"ಅದಕ್ಕೇ. ಬಸ್ ಇದ್ರೆ ನಾನು ಹತ್ತಿಬಿಡ್ತೀನಿ."

ಸ್ವಲ್ಪ ಹೊತ್ತು ಬಿಟ್ಟು ವಿವರಿಸಿದಳು. ಕ್ಲಾಸಿನಲ್ಲಿ ಯಾರಾದರೂ ತನಗಿಂತ ಜೋರು ಇದ್ದರೆ ತಾನು ಮೆಲ್ಲಗೆ ಜಾಗ ಬದಲಿಸುವವಳು, ಒಂದು ಗೆಳೆಯರ ಗುಂಪು ಸರಿಬರದಿದ್ದರೆ ಇನ್ನೊಂದಕ್ಕೆ ಹೋಗುವವಳು. ಐದು ಕಾಲೇಜು ಇದ್ದರೆ ಐದರಲ್ಲೂ ಸುತ್ತಿ ಯಾವುದರಲ್ಲೂ ಕೂರುವುದಿಲ್ಲ. ಏನೂ ಕಡ್ಡಾಯವಿಲ್ಲದ ಕಡೆ ತನಗೆ ಬರುವುದನ್ನೇ ಆರಿಸಿಕೊಳ್ಳುತ್ತಾಳೆ, ಫಿಸಿಕ್ಸ್ ಕಡೆ ತಿರುಗಿಯೂ ನೋಡುವುದಿಲ್ಲ. ಇಬ್ಬರೇ ಇರುವ ಕೋಣೆಯಲ್ಲಿ ಎಲ್ಲಿಗೂ ಎದ್ದು ಹೋಗಲಾಗುವುದಿಲ್ಲವಲ್ಲ, ಅದು ಬೇಕು ಅಂದಳು. ನಾನು ಕಣಿವೆಯಿಂದ ತಪ್ಪಿಸಿಕೊಂಡು ಬಂದವಳು. ಇವಳು ಸಬರ್ಬಿನಲ್ಲಿ, ಹದಿನಾರಕ್ಕೇ ಡ್ರೈವಿಂಗ್ ಕಲಿಯಲು ಕೂತು, ಎಲ್ಲಿಗೆ ಬೇಕಾದರೂ ಹೋಗಬಹುದು ಎಂಬಲ್ಲಿ ಬೆಳೆದವಳು. ನನ್ನ ಭಯ ಅವಳಿಗೆ ಹೊಂದಬೇಕೆಂದೇನಿಲ್ಲ.

ಹಾಗೆಂದು ನನ್ನ ವೋಟು ಬದಲಾಗಿಲ್ಲ. ಪರಿಚಯದವರ ಮನೆಯ ಇನ್ನೊಬ್ಬ ಹುಡುಗ, ಒಂಟಿಯಾಗಿ ಓದಿಕೊಂಡೇ ಇರುವ ಸ್ವಭಾವದವನು, ಮುಂದಿನ ವರ್ಷ ಇವೆರಡಕ್ಕೂ ಅರ್ಜಿ ಹಾಕುತ್ತಾನಂತೆ. ಅವನ ತಾಯಿ ಕೇಳಿದರೆ ಆಮರ್ಸ್ಟ್ ಅನ್ನುತ್ತೇನೆ. ಅವನಿಗೆ ಬಸ್ಸು ಬೇಕು.

ಡಿಪಾಸಿಟ್ ಕಟ್ಟಿದ ಮೇಲೆ ಆಮರ್ಸ್ಟ್‌ಗೆ ಬರುವುದಿಲ್ಲ ಎಂದು ತಿಳಿಸಬೇಕಿತ್ತು. ಎಲ್ಲಿಗೆ ಸೇರುತ್ತಿದ್ದೀ ಎಂಬ ಪ್ರಶ್ನೆಗೆ ವಿಲಿಯಮ್ಸ್ ಎಂದು ತುಂಬಿ ಮಗಳು ನಕ್ಕಳು: "ಹದಿನೈದು ಜನ ಆ ಕಡೆ ಹೋಗಿದ್ರಲ್ಲ, ಒಬ್ಬಳು ಈ ಕಡೆ ವಾಪಸ್." ಅವಳ ಅಪ್ಪ ಆಗಲೇ ಆಲ್ಬನಿ ರೈಲಿನ ವೇಳೆ ನೋಡುತ್ತಿದ್ದ. ನ್ಯೂಯಾರ್ಕಿನಿಂದ ಅಲ್ಲಿಯ ತನಕ ರೈಲಿದೆ, ಅಲ್ಲಿಂದ ಕಾರಿನಲ್ಲಿ ಒಂದು ಗಂಟೆ. ಅಮ್ಮ ಪುಳಿಯೋಗರೆ ಗೊಜ್ಜು ಎಷ್ಟು ದಿನ ಕೆಡದೆ ಇರುತ್ತದೆ ಎಂಬ ಲೆಕ್ಕಕ್ಕಿಳಿದಿದ್ದಾರೆ. ಆ ಕಣಿವೆ ಹೇಗಿದೆ ಎಂದು ಈಗಲೇ ಕೇಳುವವರಿಗೆ ನಾನು ಏನೂ ಹೇಳುತ್ತಿಲ್ಲ. ಜನವರಿಯಲ್ಲಿ, ಆ ಒಂದೇ ಕೋರ್ಸಿನ ತಿಂಗಳಲ್ಲಿ, ಅವಳಿಗೇ ಫೋನ್ ಮಾಡಿ.